ಮೊದಲ ವರ್ಷದ ಪುಸ್ತಕ ಮಾರಬೇಡಿ

ದ್ವಿತೀಯ ಪಿಯುಸಿ ಭೂಗೋಳ: ಓದುವುದು ಹೇಗೆ, ನಕ್ಷೆ ಬಿಡಿಸುವುದು ಹೇಗೆ, ಉತ್ತರ ಬರೆಯುವುದು ಹೇಗೆ?

ಜೂನ್ ಬಂತೆಂದರೆ ಪಿಯು ಕಾಲೇಜುಗಳ ಗೇಟಿನ ಬಳಿ ಒಂದು ಸಣ್ಣ ಸಂತೆಯೇ ನೆರೆಯುತ್ತದೆ. ಎರಡನೇ ವರ್ಷಕ್ಕೆ ಕಾಲಿಟ್ಟವರು ಹಳೆಯ ಪುಸ್ತಕಗಳನ್ನು ಹೊಸಬರಿಗೆ ಅರ್ಧ ಬೆಲೆಗೆ ದಾಟಿಸುತ್ತಾರೆ. ಇತಿಹಾಸ, ಅರ್ಥಶಾಸ್ತ್ರದ ಜೊತೆಗೆ ಭೂಗೋಳದ ಪುಸ್ತಕವೂ ಹೋಗುತ್ತದೆ. ಆ ವರ್ಷ ಭೂಗೋಳದ ವಿದ್ಯಾರ್ಥಿ ಮಾಡುವ ಮೊದಲ ತಪ್ಪು ಅದೇ.

ಯಾಕೆ ಎಂದರೆ, ಮೊದಲ ವರ್ಷ ಒತ್ತು ಇರುವುದು ಪ್ರಾಕೃತಿಕ ಭೂಗೋಳಕ್ಕೆ: ಶಿಲೆ, ಮಣ್ಣು, ಗಾಳಿ, ಮಳೆ, ನದಿ, ಸಾಗರ. ಎರಡನೇ ವರ್ಷ ಪುಟ ತೆರೆದರೆ ಜನ, ಊರು, ಬೆಳೆ, ಗಣಿ, ಕಾರ್ಖಾನೆ, ರಸ್ತೆ, ಬಂದರು. ಅಂದರೆ ಮಾನವ ಭೂಗೋಳ. ತರಗತಿಯಲ್ಲಿ ಕರಾವಳಿಯ ಜನಸಾಂದ್ರತೆಯ ಬಗ್ಗೆ ಮಾತಾಡುತ್ತಾ ನಡುವೆ ಮುಂಗಾರಿನ ಪ್ರಶ್ನೆ ಎತ್ತಿದರೆ, "ಸರ್, ಅದು ಹೋದ ವರ್ಷದ ಪೋರ್ಷನ್ ಅಲ್ವಾ?" ಅನ್ನುವ ದನಿ ಹಿಂದಿನ ಬೆಂಚಿನಿಂದ ಬಂದೇ ಬರುತ್ತದೆ. ಹೋದ ವರ್ಷದ್ದೇ, ನಿಜ. ಆದರೆ ಈ ವರ್ಷದ ಪುಸ್ತಕ 'ಏನಿದೆ' ಅನ್ನುತ್ತದೆ. 'ಯಾಕಿದೆ' ಅನ್ನುವುದರ ಅರ್ಧ ಉತ್ತರ ಹೋದ ವರ್ಷದ ಪುಸ್ತಕದಲ್ಲಿದೆ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಓದಿದವರಿಗೆ ಬಾಯಿಪಾಠದ ಹೊರೆ ಅರ್ಧಕ್ಕೆ ಇಳಿಯುತ್ತದೆ. ಹೇಗೆ ಎಂದು ನಮ್ಮ ಊಟದ ತಟ್ಟೆಯಿಂದಲೇ ನೋಡೋಣ.

ಮುದ್ದೆಯ ಕೆಳಗಿನ ಕಲ್ಲು, ರೊಟ್ಟಿಯ ಕೆಳಗಿನ ಕಲ್ಲು

ಮಂಡ್ಯ, ತುಮಕೂರು, ಕೋಲಾರದಲ್ಲಿ ರಾಗಿಮುದ್ದೆ. ವಿಜಯಪುರ, ಬಾಗಲಕೋಟೆ, ಕಲಬುರಗಿಯಲ್ಲಿ ಜೋಳದ ರೊಟ್ಟಿ. ಇದು ರುಚಿಯ ವ್ಯತ್ಯಾಸ ಅಂದುಕೊಂಡಿದ್ದೇವೆ. ನೆಲ ಅಗೆದು ನೋಡಿದರೆ ಬೇರೆ ಕಥೆ ಸಿಗುತ್ತದೆ.

ರಾಜ್ಯದ ದಕ್ಷಿಣ ಭಾಗದ ಅಡಿಯಲ್ಲಿರುವುದು ಬಹುಪಾಲು ನೈಸ್ ಮತ್ತು ಗ್ರಾನೈಟ್. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಇದರದೇ ಒಂದು ತುಣುಕು. ವಯಸ್ಸು ಸುಮಾರು 300 ಕೋಟಿ ವರ್ಷ. ಈ ಕಲ್ಲು ಶಿಥಿಲವಾಗಿ ಆದದ್ದು ಕೆಂಪು ಮಣ್ಣು. ನೀರು ಇದರಲ್ಲಿ ಬೇಗ ಬಸಿದುಹೋಗುತ್ತದೆ. ಹಾಗಾಗಿ ಮಳೆ ಬೀಳುವ ತಿಂಗಳುಗಳಲ್ಲೇ ಬೆಳೆದು ಮುಗಿಸುವ, ನಡುವೆ ಮಳೆ ಕೈಕೊಟ್ಟರೂ ಹಲ್ಲು ಕಚ್ಚಿ ನಿಲ್ಲುವ ಬೆಳೆ ಬೇಕು. ಅದೇ ರಾಗಿ.

ಉತ್ತರಕ್ಕೆ ಹೋಗಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿದ ಲಾವಾ ಪದರ ಪದರವಾಗಿ ಹರಡಿ ದಖನ್ನಿನ ಬಸಾಲ್ಟ್ ಆಯಿತು. ಅದರಿಂದ ಬಂದದ್ದು ಕಪ್ಪು ಮಣ್ಣು, ರೈತರ ಬಾಯಲ್ಲಿ ಎರೆಭೂಮಿ. ಮಳೆಗಾಲದಲ್ಲಿ ನೀರು ಕುಡಿದು ಊದಿಕೊಳ್ಳುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಕುಡಿದ ನೀರನ್ನು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಆದ್ದರಿಂದಲೇ ಅಲ್ಲಿ ಮಳೆ ಹಿಂದೆ ಸರಿಯುವ ಹೊತ್ತಿಗೆ ಬಿಳಿಜೋಳ ಬಿತ್ತುತ್ತಾರೆ. ಹಿಂಗಾರಿಯ ಆ ಬೆಳೆ ಮಣ್ಣಿನೊಳಗಿನ ತೇವದ ಮೇಲೆಯೇ ಬೆಳೆಯುತ್ತದೆ. ಎಳ್ಳ ಅಮಾವಾಸ್ಯೆಯ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವಾಗ ಪೈರು ನಿಂತಿರುತ್ತದೆ. ಅದೇ ಹೊತ್ತಿಗೆ ದಕ್ಷಿಣದಲ್ಲಿ ರಾಗಿ ಕೊಯ್ಲು ಮುಗಿದು ಕಣದ ಕೆಲಸ ನಡೆದಿರುತ್ತದೆ.

ಈಗ ಲೆಕ್ಕ ಹಾಕಿ. ಶಿಲೆಗಳು, ಶಿಥಿಲೀಕರಣ, ಮಣ್ಣಿನ ವಿಧಗಳು, ಮುಂಗಾರು: ಮೊದಲ ವರ್ಷದ ನಾಲ್ಕು ಪಾಠ. ಬೆಳೆ ಪದ್ಧತಿ, ಭೂ ಬಳಕೆ, ನೀರಾವರಿ: ಎರಡನೇ ವರ್ಷದ ಮೂರು. ಏಳೂ ಒಂದು ತಟ್ಟೆಯಲ್ಲಿ ಬಂದು ಕೂತವು. ಹೀಗೆ ಓದಿದ್ದು ಮರೆತುಹೋಗುವುದು ಕಷ್ಟ.

ಮೂರು ಪ್ರಶ್ನೆಗಳ ಅಭ್ಯಾಸ

ಪಾಠದಲ್ಲಿ ಯಾವ ಹೆಸರು ಬಂದರೂ ಮೂರು ಪ್ರಶ್ನೆ ಕೇಳಿಕೊಳ್ಳಿ: ಎಲ್ಲಿದೆ? ಅಲ್ಲೇ ಯಾಕಿದೆ? ಇದ್ದುದರಿಂದ ಏನಾಯಿತು?

ಕೈಗಾರಿಕೆಗಳ ಪಾಠಕ್ಕೆ ಭದ್ರಾವತಿಯನ್ನು ತೆಗೆದುಕೊಳ್ಳಿ. 1923ರಲ್ಲಿ ಅಲ್ಲಿ ಕಬ್ಬಿಣ ತಯಾರಿಕೆ ಆರಂಭವಾಯಿತು. ಕಲ್ಲಿದ್ದಲು ಗಣಿ ಹತ್ತಿರದಲ್ಲಿ ಎಲ್ಲೂ ಇರಲಿಲ್ಲ. ಮತ್ತೆ ಅಲ್ಲೇ ಯಾಕೆ? ಅದಿರು ಬಾಬಾಬುಡನ್ ಬೆಟ್ಟಸಾಲಿನ ಕೆಮ್ಮಣ್ಣುಗುಂಡಿಯಲ್ಲಿತ್ತು. ಕಲ್ಲಿದ್ದಲಿನ ಜಾಗಕ್ಕೆ ಮಲೆನಾಡಿನ ಕಾಡಿನ ಕಟ್ಟಿಗೆ ಇದ್ದಿಲು ಬಂತು. ನೀರಿಗೆ ಭದ್ರಾ ನದಿ, ಸಾಗಣೆಗೆ ಬೀರೂರು–ಶಿವಮೊಗ್ಗ ರೈಲುಮಾರ್ಗ. ಪುಸ್ತಕದಲ್ಲಿ 'ಕೈಗಾರಿಕೆಗಳ ಸ್ಥಾನೀಕರಣಕ್ಕೆ ಕಾರಣವಾದ ಅಂಶಗಳು' ಎಂದು ಪಟ್ಟಿ ಇರುತ್ತದಲ್ಲ, ಕಚ್ಚಾವಸ್ತು, ಇಂಧನ, ನೀರು, ಸಾರಿಗೆ ಅಂತ? ಆ ಪಟ್ಟಿಗೆ ಈಗ ಒಂದು ಊರಿನ ಮುಖ ಬಂತು. ಇದ್ದುದರಿಂದ ಏನಾಯಿತು ಎನ್ನುವ ಮೂರನೇ ಪ್ರಶ್ನೆಗೆ ಕಾಡು, ಕಾರ್ಮಿಕರ ವಲಸೆ, ಬೆಳೆದ ಪಟ್ಟಣ ಎಲ್ಲವೂ ಉತ್ತರವೇ.

ಇದೇ ಅಭ್ಯಾಸ ಸಿದ್ಧಾಂತದ ಪಾಠಗಳಿಗೂ ಒಗ್ಗುತ್ತದೆ. ಮಾನವ ಭೂಗೋಳದ ಮೊದಲ ಅಧ್ಯಾಯದಲ್ಲಿ ನಿಯತಿವಾದ, ಸಂಭವವಾದ, ಗ್ರಿಫಿತ್ ಟೇಲರ್‌ನ ನವ ನಿಯತಿವಾದ ಬರುತ್ತವೆ. ಬಹಳ ಮಂದಿ ಇವನ್ನು ಮೂರು ವ್ಯಾಖ್ಯೆಗಳಾಗಿ ಉರು ಹೊಡೆಯುತ್ತಾರೆ. ಬೆಂಗಳೂರಿನ ನಲ್ಲಿ ತಿರುಗಿಸಿದರೆ ಮೂರೂ ಅದರಲ್ಲೇ ಬರುತ್ತವೆ. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿದೆ. ಒಂದು ಕಡೆಯ ನೀರು ಅರ್ಕಾವತಿಗೆ, ಇನ್ನೊಂದು ಕಡೆಯದು ದಕ್ಷಿಣ ಪಿನಾಕಿನಿಗೆ ಇಳಿಯುತ್ತದೆ. ವರ್ಷವಿಡೀ ಹರಿಯುವ ನದಿ ಊರಲ್ಲಿಲ್ಲ. ಇಂಥಲ್ಲಿ ದೊಡ್ಡ ನಗರ ಬೆಳೆಯಲಾರದು ಎನ್ನುವುದು ನಿಯತಿವಾದದ ಮಾತು. ಸುಮಾರು 100 ಕಿ.ಮೀ. ದೂರದಿಂದ ಕಾವೇರಿಯನ್ನು ಹಂತ ಹಂತವಾಗಿ ಪಂಪ್ ಮಾಡಿ ಮೇಲೆತ್ತಿ ತಂದದ್ದು ಸಂಭವವಾದ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್‌ಗಾಗಿ ಜನ ಕಾದರಲ್ಲ, ಅದು ಟೇಲರ್ ಹೇಳಿದ ಕೆಂಪು ದೀಪ. 'ನಿಲ್ಲು, ನೋಡು, ಆಮೇಲೆ ಹೋಗು' ಎನ್ನುವುದೇ ಅವನ ವಾದದ ತಿರುಳು.

ನಕ್ಷೆ: ಒಂದು ಚೌಕಟ್ಟು, ಎರಡು ಗೆರೆ

ನಕ್ಷೆಯ ಪ್ರಶ್ನೆಗೆ ಹೆದರುವವರೇ ಹೆಚ್ಚು. ನಕ್ಷೆ ನೋಡಿ ಓದುತ್ತಾರೆ, ಬಿಡಿಸಿ ಓದುವುದಿಲ್ಲ. ಅಳತೆ ಗೊತ್ತಿದ್ದರೆ ಭಾರತವನ್ನು ಖಾಲಿ ಹಾಳೆಯ ಮೇಲೆ ಎರಡು ನಿಮಿಷದಲ್ಲಿ ತರಬಹುದು.

ಭಾರತದ ಉತ್ತರ–ದಕ್ಷಿಣ ಉದ್ದ 3,214 ಕಿ.ಮೀ., ಪೂರ್ವ–ಪಶ್ಚಿಮ ಅಗಲ 2,933 ಕಿ.ಮೀ. ಅಂದರೆ ಹತ್ತಕ್ಕೆ ಹನ್ನೊಂದರ ಅನುಪಾತ. 10 ಸೆಂ.ಮೀ. ಅಗಲ, 11 ಸೆಂ.ಮೀ. ಎತ್ತರದ ಒಂದು ಚೌಕಟ್ಟು ಹಾಕಿ. ಸರಿಯಾಗಿ ಮಧ್ಯದಲ್ಲಿ ಒಂದು ನಿಲುಗೆರೆ ಎಳೆಯಿರಿ: ಅದು 82°30' ಪೂರ್ವ ರೇಖಾಂಶ, ನಮ್ಮ ಗಡಿಯಾರದ ಗೆರೆ. ಮಧ್ಯಕ್ಕಿಂತ ಕೂದಲೆಳೆಯಷ್ಟು ಮೇಲೆ ಒಂದು ಅಡ್ಡಗೆರೆ: ಅದು 23½° ಉತ್ತರ, ಕರ್ಕಾಟಕ ಸಂಕ್ರಾಂತಿ ವೃತ್ತ. ಎರಡೂ ಸಂಧಿಸುವ ಜಾಗ ಛತ್ತೀಸಗಡದ ಉತ್ತರ ಭಾಗ. ಅಡ್ಡಗೆರೆಯ ಮೇಲೆ ಎಡದಿಂದ ಬಲಕ್ಕೆ ಗುಜರಾತ್, ರಾಜಸ್ಥಾನ, ಮಧ್ಯಪ್ರದೇಶ, ಛತ್ತೀಸಗಡ, ಜಾರ್ಖಂಡ್, ಪಶ್ಚಿಮ ಬಂಗಾಳ, ತ್ರಿಪುರಾ, ಮಿಜೋರಾಂ: ಎಂಟು ರಾಜ್ಯ.

ಕರ್ನಾಟಕ ಎಲ್ಲಿ? ಎಡಗಡೆಯ ಕೆಳಗಿನ ಕಾಲುಭಾಗದಲ್ಲಿ. ಎಡ ಅಂಚಿನಿಂದ 2 ಸೆಂ.ಮೀ.ಗೆ ಶುರುವಾಗಿ ಮೂರೂವರೆಗೆ ಮುಗಿಯುತ್ತದೆ. ಕೆಳಗಿನಿಂದ ಒಂದೂಕಾಲರಿಂದ ನಾಲ್ಕರವರೆಗೆ. ಇದು ಅಂದಾಜಿನ ನಕ್ಷೆ, ಪರೀಕ್ಷೆಯಲ್ಲಿ ಕೊಡುವ ಅಚ್ಚಿನ ನಕ್ಷೆಯಂತಲ್ಲ. ಆದರೂ ಹತ್ತು ಸಲ ಹೀಗೆ ಬಿಡಿಸಿದ ಕೈಗೆ ಅಚ್ಚಿನ ನಕ್ಷೆಯಲ್ಲಿ ಊರು ಗುರುತಿಸುವಾಗ ಅಳುಕು ಇರುವುದಿಲ್ಲ.

ಬಂದರುಗಳನ್ನು ನೆನಪಿಡಲು ಒಂದು ಸುಲಭ ದಾರಿ ಪ್ರದಕ್ಷಿಣೆ. ಕೋಲ್ಕತ್ತಾ–ಹಲ್ದಿಯಾದಿಂದ ಹೊರಡಿ. ಪಾರಾದೀಪ್, ವಿಶಾಖಪಟ್ಟಣ, ಎನ್ನೋರ್, ಚೆನ್ನೈ, ತೂತ್ತುಕುಡಿ. ಕನ್ಯಾಕುಮಾರಿ ಸುತ್ತಿ ಮೇಲೆ ಬಂದರೆ ಕೊಚ್ಚಿ, ನವಮಂಗಳೂರು, ಮರ್ಮಗೋವಾ, ಜವಾಹರಲಾಲ್ ನೆಹರೂ ಬಂದರು, ಮುಂಬೈ, ಕಾಂಡ್ಲಾ. ದೇವಸ್ಥಾನ ಸುತ್ತಿದ ಹಾಗೆ ಬಲಕ್ಕೆ ಸುತ್ತಿದರೆ ಒಂದೂ ತಪ್ಪುವುದಿಲ್ಲ. ಗುರುತಿಸುವಾಗ ಚುಕ್ಕಿ ದಡದ ಗೆರೆಯ ಮೇಲೆಯೇ ಇರಲಿ. ಸಮುದ್ರದಲ್ಲಿ ತೇಲುವ ಮಂಗಳೂರು, ಒಳನಾಡಿಗೆ ನುಗ್ಗಿದ ಚೆನ್ನೈ ಉತ್ತರಪತ್ರಿಕೆಗಳಲ್ಲಿ ಪ್ರತಿವರ್ಷ ಕಾಣಸಿಗುತ್ತವೆ.

ಅಂಕಿಗಳು: ಕಡಿಮೆ ಇರಲಿ, ಜೋಡಿಯಲ್ಲಿರಲಿ

ಜನಸಂಖ್ಯೆಯ ಪಾಠದಲ್ಲಿ ಅಂಕಿಗಳ ಜಾತ್ರೆ. ಎಲ್ಲವನ್ನೂ ಹಿಡಿಯಹೋದರೆ ಯಾವುದೂ ನಿಲ್ಲದು. ಒಂದನ್ನು ಇನ್ನೊಂದಕ್ಕೆ ಎದುರು ನಿಲ್ಲಿಸಿ ನೆನಪಿಡಿ. 2011ರ ಜನಗಣತಿಯಂತೆ ಭಾರತದ ಜನಸಾಂದ್ರತೆ ಚ.ಕಿ.ಮೀ.ಗೆ 382, ಕರ್ನಾಟಕದ್ದು 319. ರಾಜ್ಯಗಳ ಪೈಕಿ ತುದಿಯಲ್ಲಿ ಬಿಹಾರ, 1,106. ತಳದಲ್ಲಿ ಅರುಣಾಚಲ ಪ್ರದೇಶ, 17. ನಮ್ಮೊಳಗೇ ನೋಡಿದರೆ ಬೆಂಗಳೂರು ನಗರ ಜಿಲ್ಲೆಯಲ್ಲಿ 4,300ಕ್ಕೂ ಹೆಚ್ಚು, ಕೊಡಗಿನಲ್ಲಿ 135.

ಸೂತ್ರವನ್ನು ಉರು ಹೊಡೆಯುವ ಬದಲು ಒಮ್ಮೆ ಭಾಗಿಸಿ ನೋಡಿ. 2011ರಲ್ಲಿ ರಾಜ್ಯದ ಜನಸಂಖ್ಯೆ 6.11 ಕೋಟಿ, ವಿಸ್ತೀರ್ಣ 1,91,791 ಚ.ಕಿ.ಮೀ. ಭಾಗಿಸಿದರೆ 319 ತಾನಾಗಿಯೇ ಬರುತ್ತದೆ. ಕೈಯಾರೆ ತೆಗೆದ ಸಂಖ್ಯೆ ಬೇಗ ಮರೆಯದು. ಉತ್ತರದಲ್ಲಿ ಅಂಕಿ ಬರೆಯುವಾಗ ವರ್ಷ ನಮೂದಿಸುವುದನ್ನು ಬಿಡಬೇಡಿ. ವರ್ಷವಿಲ್ಲದ ಜನಸಂಖ್ಯೆ ಊರಿನ ಹೆಸರಿಲ್ಲದ ವಿಳಾಸದಂತೆ.

ಮಾನವ ಅಭಿವೃದ್ಧಿ ಸೂಚ್ಯಂಕಕ್ಕೂ ಇದೇ ಮಾತು. 1990ರಲ್ಲಿ ಮೊದಲ ವರದಿ ಬಂತು. ಹಿಂದಿದ್ದವರು ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮೆಹಬೂಬ್ ಉಲ್ ಹಕ್, ಜೊತೆಗೆ ಅಮರ್ತ್ಯ ಸೇನ್. ಆರೋಗ್ಯ, ಶಿಕ್ಷಣ, ಆದಾಯ ಎಂಬ ಮೂರು ಕಾಲು ನೆನಪಿರಲಿ. ದೇಶಗಳ ಸ್ಥಾನ ಆಗಾಗ ಬದಲಾಗುತ್ತದೆ, ಕಾಲುಗಳು ಬದಲಾಗುವುದಿಲ್ಲ.

ಆಲೂಗಡ್ಡೆಯಲ್ಲೊಂದು ಬೆಟ್ಟ

ಪ್ರಾಯೋಗಿಕ ಪರೀಕ್ಷೆಯ ಅಂಕಗಳು ಕೈಗೆಟುಕುವ ಹಣ್ಣು. ಅಲ್ಲಿ ಎಡವುವುದು ಹೆಚ್ಚಾಗಿ ಸಮೋನ್ನತ ರೇಖೆಗಳಲ್ಲಿ. ಕಣಿವೆ ಬರೆಯಿರಿ ಎಂದರೆ ಚಾಚು ಬರೆಯುತ್ತಾರೆ, ಚಾಚು ಎಂದರೆ ಕಣಿವೆ. ಎರಡಕ್ಕೂ ರೇಖೆ ಇಂಗ್ಲಿಷಿನ 'ವಿ' ಅಕ್ಷರದಂತೆ ಬಾಗುತ್ತದೆ, ಅದಕ್ಕೇ ಗೊಂದಲ.

ಅಡುಗೆಮನೆಯಿಂದ ಒಂದು ದೊಡ್ಡ ಆಲೂಗಡ್ಡೆ ತನ್ನಿ. ಉದ್ದಕ್ಕೆ ಸೀಳಿ ಅರ್ಧವನ್ನು ಬೋರಲು ಹಾಕಿ. ಒಂದು ಬದಿಯಲ್ಲಿ ಚಾಕುವಿನಿಂದ ಮೇಲಿನಿಂದ ಕೆಳಕ್ಕೆ ಕಾಲುವೆಯಂತೆ ಕೆತ್ತಿ, ಅದು ಕಣಿವೆ. ನೆತ್ತಿಯಿಂದ ಬುಡದವರೆಗೆ ಎರಡು ಕಡ್ಡಿ ಚುಚ್ಚಿ ತೆಗೆಯಿರಿ, ತೂತು ಉಳಿಯಲಿ. ಈಗ ಒಂದೊಂದು ಸೆಂ.ಮೀ. ಎತ್ತರಕ್ಕೆ ಅಡ್ಡಡ್ಡ ಹೋಳು ಮಾಡಿ. ಬುಡದ ಹೋಳನ್ನು ಹಾಳೆಯ ಮೇಲಿಟ್ಟು ಸುತ್ತ ಪೆನ್ಸಿಲ್ ಆಡಿಸಿ, ಎರಡು ತೂತಿನಲ್ಲೂ ಚುಕ್ಕಿ ಇಡಿ. ಮುಂದಿನ ಹೋಳಿನ ತೂತುಗಳನ್ನು ಅದೇ ಚುಕ್ಕಿಗಳಿಗೆ ಹೊಂದಿಸಿ ಮತ್ತೆ ಪೆನ್ಸಿಲ್ ಆಡಿಸಿ. ನೆತ್ತಿಯ ಹೋಳಿನವರೆಗೆ ಹೀಗೇ ಮಾಡಿ.

ಹಾಳೆಯ ಮೇಲೆ ಮೂಡಿದ್ದೇ ಸಮೋನ್ನತ ನಕ್ಷೆ. ಆಲೂಗಡ್ಡೆ ಕಡಿದಾಗಿದ್ದ ಕಡೆ ಗೆರೆಗಳು ಒತ್ತೊತ್ತು, ಇಳಿಜಾರು ನಿಧಾನವಾಗಿದ್ದ ಕಡೆ ದೂರ ದೂರ. ನೀವು ಕೆತ್ತಿದ ಕಾಲುವೆಯಲ್ಲಿ ಪ್ರತಿ ಗೆರೆಯೂ ನೆತ್ತಿಯ ಕಡೆಗೆ ಒಳಬಾಗಿದೆ. 'ವಿ'ಯ ಮೂಗು ಎತ್ತರದ ಕಡೆಗಿದ್ದರೆ ಕಣಿವೆ, ತಗ್ಗಿನ ಕಡೆಗಿದ್ದರೆ ಚಾಚು. ಇದನ್ನು ಒಮ್ಮೆ ಕೈಯಾರೆ ಮಾಡಿದವರು ಮತ್ತೆ ಅದಲುಬದಲು ಮಾಡುವುದು ಅಪರೂಪ. ಹೋಳುಗಳು ಪಲ್ಯಕ್ಕಾಗುತ್ತವೆ.

ಟೋಪೋಶೀಟ್ ಓದುವುದು ಮುಂದಿನ ಹೆಜ್ಜೆ. 1767ರಲ್ಲಿ ಆರಂಭವಾದ ಸರ್ವೇ ಆಫ್ ಇಂಡಿಯಾ ಇವನ್ನು ತಯಾರಿಸುತ್ತದೆ. 1:50,000 ಪ್ರಮಾಣದ ಹಾಳೆಯಲ್ಲಿ 2 ಸೆಂ.ಮೀ. ಅಂದರೆ ನೆಲದ ಮೇಲೆ 1 ಕಿ.ಮೀ.; ಎರಡು ಸಮೋನ್ನತ ರೇಖೆಗಳ ನಡುವೆ ಸಾಮಾನ್ಯವಾಗಿ 20 ಮೀಟರ್ ಎತ್ತರದ ಅಂತರ. ಕಂದು ಗೆರೆ ಎತ್ತರ, ಹಸಿರು ಕಾಡು, ಹಳದಿ ಉಳುಮೆಯ ನೆಲ, ಕೆಂಪು ಊರು ಮತ್ತು ರಸ್ತೆ, ಕಪ್ಪು ರೈಲುಹಳಿ. ನೀರಿರುವ ಹೊಳೆ ನೀಲಿ, ಬತ್ತುವ ಹಳ್ಳ ಕಪ್ಪು. ಮೌಖಿಕ ಪರೀಕ್ಷೆಯಲ್ಲಿ ಈ ಕೊನೆಯದನ್ನು ಕೇಳಿದರೆ ತಡವರಿಸಬೇಡಿ. ಜೊತೆಗೆ, ನಿಮ್ಮ ರೆಕಾರ್ಡ್ ಪುಸ್ತಕದಲ್ಲಿ ಏನಿದೆ ಎಂದು ನಿಮಗೇ ಗೊತ್ತಿರಲಿ. ಗೆಳೆಯನದನ್ನು ನೋಡಿ ನಕಲು ಮಾಡಿದವರು ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ.

ಒಂದು ಸಂತೆ, ಒಂದು ಹಾಳೆ

ಭೂಗೋಳಕ್ಕೆ ಟ್ಯೂಷನ್‌ಗಿಂತ ಒಂದು ದಿನದ ತಿರುಗಾಟ ಮೇಲು. ಊರಿನ ವಾರದ ಸಂತೆಗೆ ಹೋಗಿ. ತರಕಾರಿ, ಕಾಳು, ಮೆಣಸಿನಕಾಯಿ, ಮಡಕೆ ಮಾರುವ ಹತ್ತು ಜನರನ್ನು ಕೇಳಿ: "ಅಣ್ಣಾ, ಇದು ಯಾವೂರಿಂದ ಬಂತು? ಹೇಗೆ ತಂದ್ರಿ?" ಮನೆಗೆ ಬಂದು ಹಾಳೆಯ ನಡುವೆ ಸಂತೆಯನ್ನಿಟ್ಟು ಆ ಊರುಗಳಿಂದ ಬಾಣದ ಗುರುತು ಎಳೆಯಿರಿ. ಯಾವ ಬಾಣ ದೂರದ್ದು, ಯಾವುದು ಹತ್ತಿರದ್ದು? ಸೊಪ್ಪು ಐದು ಮೈಲಿಯೊಳಗಿನದು, ಈರುಳ್ಳಿ ಎರಡು ಜಿಲ್ಲೆ ದಾಟಿದ್ದು ಎಂದು ಕಂಡರೆ, ಯಾಕೆ ಎಂದು ಯೋಚಿಸಿ. ಬೇಗ ಬಾಡುವ ಸರಕು ದೂರ ಹೋಗದು. ಸಾರಿಗೆ, ವ್ಯಾಪಾರ, ಪೇಟೆಯ ಹಿನ್ನಾಡು, ಮೂರು ಪಾಠ ಆ ಹಾಳೆಯಲ್ಲಿ ಇಳಿದಿರುತ್ತವೆ. ಕ್ಷೇತ್ರಕಾರ್ಯದ ವರದಿಗೂ ಅದೇ ಬಂಡವಾಳ.

ಫೋನಿದ್ದರೆ ಇಸ್ರೋದ 'ಭುವನ್' ತಾಣದಲ್ಲಿ ನಿಮ್ಮ ಊರಿನ ಉಪಗ್ರಹ ಚಿತ್ರ ತೆರೆಯಿರಿ. ಕೆರೆಗಳು ಒಂದರ ಕೆಳಗೊಂದು ಸರಪಳಿಯಂತೆ ಕೂತಿರುವುದು ಕಂಡರೆ, ಕೆಂಪು ಮಣ್ಣಿನ ಏರುತಗ್ಗಿನ ನೆಲದಲ್ಲಿ ಹಿರಿಯರು ನೀರನ್ನು ಹೇಗೆ ತಡೆದು ನಿಲ್ಲಿಸಿದರು ಎನ್ನುವುದು ಅರ್ಥವಾಗುತ್ತದೆ.

ಉತ್ತರ ಬರೆಯುವಾಗ

'ಭಾರತದಲ್ಲಿ ಜನಸಂಖ್ಯೆಯ ಹಂಚಿಕೆ ಒಂದೇ ಸಮನಾಗಿಲ್ಲ, ಏಕೆ?' ಎಂಬ ಪ್ರಶ್ನೆ ಬಂತೆನ್ನಿ. ಸಾಮಾನ್ಯವಾಗಿ ಬರುವ ಉತ್ತರ: "ಭೂಸ್ವರೂಪ, ವಾಯುಗುಣ, ಮಣ್ಣು, ನೀರು, ಕೈಗಾರಿಕೆ, ನಗರೀಕರಣ ಕಾರಣಗಳಾಗಿವೆ." ತಪ್ಪಿಲ್ಲ, ಆದರೆ ಇದು ಅಂಗಡಿಯ ಚೀಟಿ. ಇದನ್ನೇ ಹೀಗೆ ಬರೆಯಿರಿ: "ಗಂಗಾ ಬಯಲು ಸಮತಟ್ಟು, ಮೆಕ್ಕಲು ಮಣ್ಣು ಫಲವತ್ತು, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬೆಳೆ ಸಾಧ್ಯ. ಆದ್ದರಿಂದ ಬಿಹಾರದಲ್ಲಿ 2011ರಲ್ಲಿ ಚ.ಕಿ.ಮೀ.ಗೆ 1,106 ಜನ. ಕಡಿದಾದ ಬೆಟ್ಟ, ದಟ್ಟ ಕಾಡು, ಕಡಿಮೆ ರಸ್ತೆಗಳಿರುವ ಅರುಣಾಚಲ ಪ್ರದೇಶದಲ್ಲಿ 17." ಅಂಶ, ಸ್ಥಳ, ಕಾರಣ, ಅಂಕಿ: ನಾಲ್ಕೂ ಎರಡು ಮೂರು ಸಾಲಿನಲ್ಲಿ ಬಂದವು. ದೊಡ್ಡ ಉತ್ತರವೆಂದರೆ ಇಂಥ ನಾಲ್ಕೈದು ಕಟ್ಟುಗಳು, ಪಕ್ಕದಲ್ಲಿ ಬೆರಳುದ್ದದ ಒಂದು ನಕ್ಷೆ.

ಚಿತ್ರ, ನಕ್ಷೆಗೆ ಪೆನ್ಸಿಲ್ ಸಾಕು. ಬಣ್ಣದಲ್ಲಿ ಮುಳುಗಿ ಸಮಯ ಕಳೆಯಬೇಡಿ. ನಕ್ಷೆಯ ಪ್ರಶ್ನೆಯನ್ನು ಕೊನೆಯ ಹತ್ತು ನಿಮಿಷಕ್ಕೆ ತಳ್ಳಬೇಡಿ, ಅವಸರದ ಚುಕ್ಕಿಗೆ ಅಂಕವಿಲ್ಲ. ಯಾವ ಭಾಗಕ್ಕೆ ಎಷ್ಟು ಅಂಕ ಎನ್ನುವುದನ್ನು ಆ ವರ್ಷದ ಮಾದರಿ ಪ್ರಶ್ನೆಪತ್ರಿಕೆ ನೋಡಿಯೇ ತಿಳಿಯಿರಿ, ಅಣ್ಣಂದಿರ ಬಾಯಿಮಾತಿನಿಂದಲ್ಲ.

ವರ್ಷದ ಲೆಕ್ಕ

ಜೂನ್, ಜುಲೈ ಮಳೆಯ ದಿನಗಳು. ಮುಂಗಾರು, ಬೆಳೆ, ನೀರಿನ ಪಾಠಗಳನ್ನು ಕಿಟಕಿಯಾಚೆ ನೋಡುತ್ತಲೇ ಓದಬಹುದು. ದಿನಪತ್ರಿಕೆಯಲ್ಲಿ ಬರುವ ಜಲಾಶಯಗಳ ನೀರಿನ ಮಟ್ಟವನ್ನು ವಾರಕ್ಕೊಮ್ಮೆ ಬರೆದಿಟ್ಟು ರೇಖಾಚಿತ್ರ ಮಾಡಿ, ಅಂಕಿಅಂಶಗಳ ಅಭ್ಯಾಸ ಅದರಲ್ಲೇ ಆಗುತ್ತದೆ. ದಸರಾ ರಜೆಯಲ್ಲಿ ಸಂತೆಯ ಕೆಲಸ ಮುಗಿಸಿ. ನವೆಂಬರ್ ಹೊತ್ತಿಗೆ ರೆಕಾರ್ಡ್ ಪೂರ್ತಿಯಾಗಲಿ. ಆಮೇಲೆ ದಿನಕ್ಕೊಂದು ಖಾಲಿ ನಕ್ಷೆ, ವಾರಕ್ಕೊಂದು ಹಳೆಯ ಪ್ರಶ್ನೆಪತ್ರಿಕೆ.

ಮುಂದೆ ಏನು ಎಂದು ಮನೆಯಲ್ಲಿ ಕೇಳಿಯೇ ಕೇಳುತ್ತಾರೆ. ಮೈಸೂರು ವಿಶ್ವವಿದ್ಯಾಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಂಥ ಕಡೆ ಸ್ನಾತಕೋತ್ತರ ಪದವಿಯವರೆಗೆ ಭೂಗೋಳ ಓದಬಹುದು. ಜಿಐಎಸ್, ದೂರಸಂವೇದಿ ಕಲಿತವರಿಗೆ ಸರ್ವೇ, ನಗರ ಯೋಜನೆ, ನೀರಾವರಿ, ವಿಪತ್ತು ನಿರ್ವಹಣೆಯಲ್ಲಿ ಕೆಲಸವಿದೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಇದು ಐಚ್ಛಿಕ ವಿಷಯ, ತಲಾ 250 ಅಂಕಗಳ ಎರಡು ಪತ್ರಿಕೆ. ಅಲ್ಲಿಯೂ ಮೊದಲ ಪತ್ರಿಕೆಯಲ್ಲಿ ಪ್ರಾಕೃತಿಕ, ಮಾನವ ಭೂಗೋಳಗಳು ಒಟ್ಟಿಗೇ ಕೂತಿವೆ.

ಕೊನೆಗೆ ಮೊದಲ ವರ್ಷದ ಆ ಪುಸ್ತಕದ ಮಾತು. ಈ ವರ್ಷ ಓದುತ್ತಾ ಹೋದಂತೆ ಅದರ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಎರಡನೇ ವರ್ಷದ ಪುಟಸಂಖ್ಯೆ ಗುರುತು ಹಾಕಿ: ಕಪ್ಪು ಮಣ್ಣಿನ ಪಕ್ಕ ಹತ್ತಿಯ ಪುಟ, ಮಳೆ ನೆರಳಿನ ಪಕ್ಕ ನೀರಾವರಿಯ ಪುಟ, ನದೀಮುಖಜಭೂಮಿಯ ಪಕ್ಕ ಜನಸಾಂದ್ರತೆಯ ಪುಟ. ಫೆಬ್ರುವರಿಯ ಹೊತ್ತಿಗೆ ಅಂಚುಗಳು ತುಂಬಿರುತ್ತವೆ. ಪರೀಕ್ಷೆ ಮುಗಿದ ಮೇಲೆ ಅದನ್ನು ಧಾರಾಳವಾಗಿ ಮಾರಿ. ಆದರೆ ಅರ್ಧ ಬೆಲೆಗೆ ಕೊಡಬೇಡಿ. ಕೊಳ್ಳುವವರಿಗೆ ಈಗ ಸಿಗುತ್ತಿರುವುದು ಎರಡು ವರ್ಷದ ಪಾಠ.